ಪರ್ಷಿಯನ್ ಮರಿ ಕೊಳ್ಳುವ ಮುಂಚೆ ಅದರ ತಾಯಿ-ತಂದೆಯ ವರದಿ ಕೇಳಿ

ಬಳ್ಳಾರಿಯ ಏಪ್ರಿಲ್ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅಂಗಳದಲ್ಲಿ ಕೂತ ಯಾವ ಬೆಕ್ಕನ್ನಾದರೂ ನೋಡಿ, ಕಣ್ಣಿನ ಪಾಪೆ ಒಂದು ಸಣ್ಣ ಗೆರೆಯಂತಾಗಿರುತ್ತದೆ. ನಮ್ಮ ಮನೆಗೆ ಬಂದ ಬೂದು ಬಣ್ಣದ ಪರ್ಷಿಯನ್ ಮರಿ, ಹೆಸರು ಬೂದಿ, ಅದೇ ಬಿಸಿಲಲ್ಲಿ ಗೋಲಿಯಷ್ಟು ಅಗಲ ಪಾಪೆ ಬಿಟ್ಟುಕೊಂಡು ಕೂರುತ್ತಿತ್ತು. "ಎಷ್ಟ್ ಚಂದ ಕಣ್ ನೋಡ್ರೀ" ಅಂತ ಬಂದವರೆಲ್ಲ ಫೋಟೋ ತೆಗೆದರು. ನಾನೂ ತೆಗೆದೆ. ಆಗ ಅದಕ್ಕೆ ಮೂರು ತಿಂಗಳು. ಆ ಚಂದದ ಕಣ್ಣಿಗೆ ಏನೂ ಕಾಣುತ್ತಿಲ್ಲ ಅಂತ ತಿಳಿಯಲು ಇನ್ನೊಂದು ತಿಂಗಳು ಬೇಕಾಯಿತು.

ಮಾರಿದವರಿಗೆ ಫೋನ್ ಮಾಡಿದೆ. "ಇನ್ನಾ ಸಣ್ದೈತಿ ಅಕ್ಕಾ, ದೊಡ್ದಾದ್ಮ್ಯಾಲೆ ಕಾಣ್ತೈತಿ ಬಿಡ್ರಿ" ಅಂದರು. ಅವರು ಬೇಕಂತಲೇ ಮೋಸ ಮಾಡಿದರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮರಿಯ ಮುಖ ನೋಡಿ ಕರಗುವ ಮುಂಚೆ ಒಂದು ಕಾಗದ ಕೇಳುತ್ತಿದ್ದೆ. ಆ ಕಾಗದ ಅಂದರೆ ತಾಯಿ-ತಂದೆಯ ಜೀನ್ ಪರೀಕ್ಷೆಯ ವರದಿ. ನಮ್ಮಂಥ ಊರಿನಲ್ಲಿದ್ದುಕೊಂಡು ಅದನ್ನು ಮಾಡಿಸುವುದು ಹೇಗೆ, ಬಂದ ಮೇಲೆ ಓದುವುದು ಹೇಗೆ ಅನ್ನುವುದೇ ಈ ಬರಹ. ಮರಿ ಕೊಳ್ಳುವವರು, ಮನೆಯ ಬೆಕ್ಕಿನ ಕಣ್ಣಿನ ಬಗ್ಗೆ ಅನುಮಾನ ಇರುವವರು, ಮರಿ ಮಾಡಿಸುವವರು, ಮೂವರಿಗೂ ಇದರಲ್ಲಿ ಕೆಲಸ ಇದೆ.

ಹಂತ 1: ಯಾವ ತಳಿಗೆ ಯಾವ ಕಾಯಿಲೆ, ಗೊತ್ತು ಮಾಡಿಕೊಳ್ಳಿ

ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಅನ್ನುವ ತೆಳುವಾದ ಪದರ ಇರುತ್ತದೆ. ಬೆಳಕನ್ನು ಹಿಡಿಯುವ ಕೋಶಗಳು ಇರುವುದು ಅಲ್ಲೇ. ರಾಡ್ ಕೋಶಗಳು ಮಬ್ಬು ಬೆಳಕಿಗೆ, ಕೋನ್ ಕೋಶಗಳು ಹಗಲಿಗೆ. ಕೆಲವು ಬೆಕ್ಕುಗಳಲ್ಲಿ ಹುಟ್ಟಿನಿಂದಲೇ ಬಂದ ಒಂದು ಜೀನ್ ದೋಷದಿಂದ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಇದಕ್ಕೆ ಪ್ರೋಗ್ರೆಸಿವ್ ರೆಟಿನಲ್ ಅಟ್ರೋಫಿ ಅನ್ನುತ್ತಾರೆ, ಚಿಕ್ಕದಾಗಿ ಪಿಆರ್‌ಎ. ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಔಷಧಿಯೂ ಇಲ್ಲ. ಹಾಗಾಗಿಯೇ ಇದು ಬಹಳ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಪಿಆರ್‌ಎ ಅನ್ನುವುದು ಒಂದೇ ಕಾಯಿಲೆ ಅಲ್ಲ. ಹೆಸರು ಒಂದೇ, ಜೀನ್ ಬೇರೆ ಬೇರೆ.

ಪರ್ಷಿಯನ್‌ನದು ಎಐಪಿಎಲ್1 ಅನ್ನುವ ಜೀನ್. ಇದನ್ನು 2016ರಲ್ಲಿ ಅಮೆರಿಕದ ಲೆಸ್ಲಿ ಲಯನ್ಸ್ ಅವರ ತಂಡ ಗುರುತಿಸಿತು. ಇದು ಬಹಳ ಬೇಗ ಬರುವ ಬಗೆ. ಮರಿಗೆ 2-3 ವಾರ ಆದಾಗಲೇ ಶುರುವಾಗಿ, ಸುಮಾರು 16 ವಾರಕ್ಕೆ ದೃಷ್ಟಿ ಪೂರ್ತಿ ಹೋಗುತ್ತದೆ. ಅಂದರೆ ನೀವು ದುಡ್ಡು ಕೊಟ್ಟು ಮನೆಗೆ ತರುವ ವಯಸ್ಸಿನಲ್ಲಿ ಕಾಯಿಲೆ ತನ್ನ ಕೆಲಸವನ್ನು ಮುಕ್ಕಾಲು ಪಾಲು ಮುಗಿಸಿರುತ್ತದೆ. ನಮ್ಮ ಬೂದಿಯದು ಇದೇ.

ಅಬಿಸಿನಿಯನ್ ಮತ್ತು ಸೊಮಾಲಿ ಬೆಕ್ಕುಗಳದ್ದು ನಿಧಾನದ ಬಗೆ. ಜೀನ್ ಸಿಇಪಿ290, ಗೊತ್ತಾಗಿದ್ದು 2007ರಲ್ಲಿ. ವರದಿಯಲ್ಲಿ ಆರ್‌ಡಿಎಸಿ ಅಂತ ಬರೆದಿರುತ್ತಾರೆ. ಒಂದೂವರೆ-ಎರಡು ವರ್ಷಕ್ಕೆ ಡಾಕ್ಟರ ಉಪಕರಣಕ್ಕೆ ಕಾಣಿಸಿಕೊಳ್ಳುತ್ತದೆ, 3ರಿಂದ 5 ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಕಣ್ಣು ಹೋಗುತ್ತದೆ. ಸಯಾಮಿ, ಬಾಲಿನೀಸ್, ಓರಿಯಂಟಲ್, ಓಸಿಕ್ಯಾಟ್‌ನಂಥ ಬೇರೆ ತಳಿಗಳಲ್ಲೂ ಇದೇ ದೋಷ ಸಿಕ್ಕಿದೆ. ಮುದ್ದಿಗಾಗಿ ಸಯಾಮಿ ಸಾಕುವವರು ನಮ್ಮ ಕಡೆಯೂ ಇರುವುದರಿಂದ ಇದನ್ನು ಬಿಡುವ ಹಾಗಿಲ್ಲ.

ಬೆಂಗಾಲ್ ಬೆಕ್ಕಿನದು ಮತ್ತೆ ಬೇರೆ, ಕೆಐಎಫ್3ಬಿ ಜೀನ್, 2020ರಲ್ಲಿ ಪ್ರಕಟವಾಯಿತು. ಅದು ಮರಿಯಿದ್ದಾಗಲೇ ಶುರುವಾಗುತ್ತದೆ. ಇನ್ನು ಅಬಿಸಿನಿಯನ್‌ಗಳಲ್ಲೇ ಆರ್‌ಡಿವೈ ಅನ್ನುವ ಅಪರೂಪದ ಬಗೆ ಇದೆ, ಸಿಆರ್‌ಎಕ್ಸ್ ಜೀನ್‌ನದು. ಅದರ ಲೆಕ್ಕವೇ ಬೇರೆ, ಮುಂದೆ ಹೇಳುತ್ತೇನೆ.

ಸಿಇಪಿ290 ಮತ್ತು ಎಐಪಿಎಲ್1 ಎರಡೂ ಮನುಷ್ಯರಲ್ಲೂ ಇರುವ ಜೀನ್‌ಗಳೇ. ಅವು ಕೆಟ್ಟರೆ ಎಳೆ ಮಕ್ಕಳಿಗೆ ಲೀಬರ್ ಕುರುಡು ಅನ್ನುವ ಕಾಯಿಲೆ ಬರುತ್ತದೆ. ಬೆಕ್ಕಿನ ಕಣ್ಣಿನ ಮೇಲೆ ಇಷ್ಟೊಂದು ಸಂಶೋಧನೆ ನಡೆದಿರುವುದಕ್ಕೆ ಅದೂ ಒಂದು ಕಾರಣ.

ಹಂತ 2: ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ

ನಿಧಾನದ ಬಗೆಯಲ್ಲಿ ಮೊದಲು ಹೋಗುವುದು ರಾತ್ರಿ ದೃಷ್ಟಿ, ನಮ್ಮ ಹಿರಿಯರು ಇರುಳುಗಣ್ಣು ಅನ್ನುತ್ತಿದ್ದರಲ್ಲ, ಅದು. ಇದನ್ನು ಹಿಡಿಯಲು ನಮಗೆ ಒಂದು ಅನುಕೂಲ ಇದೆ, ಸಂಜೆ ಕರೆಂಟ್ ಹೋಗುವುದು! ಆಗ ಬೆಕ್ಕನ್ನು ಗಮನಿಸಿ. ಚೆನ್ನಾಗಿ ಕಾಣುವ ಬೆಕ್ಕಿಗೆ ಸ್ವಲ್ಪ ಬೆಳಕಿದ್ದರೂ ಸಾಕು, ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತದೆ. ಕಣ್ಣು ಕಡಿಮೆಯಾದದ್ದು ನಿಂತುಬಿಡುತ್ತದೆ, ಇಲ್ಲವೇ ಗೋಡೆ ಹಿಡಿದು ನಡೆಯುತ್ತದೆ, ಕಪಾಟಿನ ಮೇಲಿಂದ ಜಿಗಿಯಲು ಹಿಂದೆ ಮುಂದೆ ನೋಡುತ್ತದೆ.

ಟಾರ್ಚ್ ಬಿಟ್ಟಾಗ ಎಲ್ಲ ಬೆಕ್ಕುಗಳ ಕಣ್ಣೂ ಹೊಳೆಯುತ್ತವೆ. ಆದರೆ ರೆಟಿನಾ ತೆಳ್ಳಗಾದ ಬೆಕ್ಕಿನ ಕಣ್ಣು ಮಾಮೂಲಿಗಿಂತ ಜಾಸ್ತಿ ಹೊಳೆಯುತ್ತದೆ, ಏಕೆಂದರೆ ಹಿಂದಿರುವ ಕನ್ನಡಿಯಂಥ ಪದರಕ್ಕೆ ಅಡ್ಡ ಬರುವುದು ಕಡಿಮೆಯಾಗಿರುತ್ತದೆ. ಮನೆಯಲ್ಲಿ ಎರಡು ಬೆಕ್ಕಿದ್ದರೆ ಪಕ್ಕಪಕ್ಕ ಇಟ್ಟು ಹೋಲಿಸಿ. ಬಿಸಿಲಲ್ಲೂ ಪಾಪೆ ಅಗಲವಾಗಿದ್ದರೆ ನಾನು ಮಾಡಿದಂತೆ ಫೋಟೋ ತೆಗೆದು ಸುಮ್ಮನಾಗಬೇಡಿ.

ಇನ್ನೊಂದು ಪರೀಕ್ಷೆಗೆ ರಾಯಚೂರು-ಬಳ್ಳಾರಿ ಕಡೆ ಬರವಿಲ್ಲದ ವಸ್ತು ಬೇಕು, ಹತ್ತಿ. ಒಂದು ಹತ್ತಿ ಉಂಡೆಯನ್ನು ಬೆಕ್ಕಿನ ಮುಖದ ಮುಂದೆ ಮೇಲಿಂದ ಬಿಡಿ. ಬಿದ್ದರೆ ಸದ್ದಿಲ್ಲ, ವಾಸನೆಯೂ ಇಲ್ಲ. ಕಣ್ಣು ಕಾಣುವ ಬೆಕ್ಕು ಅದರ ಹಿಂದೆ ಕತ್ತು ತಿರುಗಿಸುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಿಟ್ಟು ನೋಡಿ. ತುಂಬ ಜನ ಮುಖದ ಮುಂದೆ ಕೈ ಬೀಸಿ "ಕಣ್ಣು ಮಿಟುಕಿಸ್ತು, ಕಾಣುತ್ತೆ" ಅಂತಾರೆ. ಅದು ಮೋಸದ ಪರೀಕ್ಷೆ. ಕೈ ಬೀಸಿದ ಗಾಳಿ ಮೀಸೆಗೆ ತಾಗಿದರೂ ಬೆಕ್ಕು ಮಿಟುಕಿಸುತ್ತದೆ.

ಮರಿಗಳ ವಿಷಯದಲ್ಲಿ ಇನ್ನೂ ಕಷ್ಟ. ಕುರುಡು ಮರಿ ಮನೆಯ ನಕ್ಷೆಯನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಬಿಡುತ್ತದೆ. ಬೂದಿ ಮೂರನೇ ದಿನವೇ ಅಡುಗೆಮನೆಗೆ ನೆಟ್ಟಗೆ ಬರುತ್ತಿತ್ತು. ನಮಗೆ ಗೊತ್ತಾದದ್ದು ಮಂಚ ಸರಿಸಿದ ದಿನ. ಅದು ಮಂಚ ಇಲ್ಲದ ಹಳೆಯ ಜಾಗದಲ್ಲಿ ಸುತ್ತು ಹಾಕಿಕೊಂಡು ಹೋಗಿ, ಹೊಸ ಜಾಗದಲ್ಲಿದ್ದ ಮಂಚಕ್ಕೆ ಡಿಕ್ಕಿ ಹೊಡೆಯಿತು. ಹಾಗಾಗಿ ನೋಡಬೇಕು ಅನ್ನಿಸಿದರೆ ಅರ್ಧ ಬೆಳಕಿನಲ್ಲಿ ಸ್ಟೂಲು, ಡಬ್ಬ ಎಲ್ಲ ಹೊಸ ಜಾಗಕ್ಕೆ ಇಟ್ಟು ನೋಡಿ.

ಹಂತ 3: ಮೊಸರನ್ನದ ಪ್ರಶ್ನೆ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಜೀನ್ ಪರೀಕ್ಷೆಗೆ ದುಡ್ಡು ಹಾಕುವ ಮುಂಚೆ ಬೆಕ್ಕಿನ ತಟ್ಟೆ ನೋಡಿ.

ಬೆಕ್ಕಿಗೆ ಟಾರಿನ್ ಅನ್ನುವ ಪದಾರ್ಥ ಬೇಕೇ ಬೇಕು. ನಾಯಿ ಮತ್ತು ಮನುಷ್ಯರ ಮೈ ಅದನ್ನು ಸಾಕಷ್ಟು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಅದು ಆಗುವುದಿಲ್ಲ. ಟಾರಿನ್ ಇರುವುದು ಮಾಂಸ, ಮೀನಿನಲ್ಲಿ. ಅಕ್ಕಿ, ಬೇಳೆ, ರೊಟ್ಟಿಯಲ್ಲಿ ಇಲ್ಲ, ಹಾಲು-ಮೊಸರಿನಲ್ಲಿ ಇರುವುದು ತೀರಾ ಕಡಿಮೆ. ತಿಂಗಳುಗಟ್ಟಲೆ ಟಾರಿನ್ ಸಿಗದಿದ್ದರೆ ಬೆಕ್ಕಿನ ರೆಟಿನಾ ಮಧ್ಯಭಾಗದಿಂದ ಹಾಳಾಗುತ್ತಾ ಹೋಗುತ್ತದೆ. ಇದು 1975ರಲ್ಲೇ ಗೊತ್ತಾದ ವಿಷಯ. ಇದರಿಂದ ಹೃದಯವೂ ದೊಡ್ಡದಾಗಿ ಸೋಲುತ್ತದೆ ಅನ್ನುವುದು 1987ರಲ್ಲಿ ತಿಳಿಯಿತು.

ನಮ್ಮ ಪರಿಚಯದ ಕೊಪ್ಪಳದ ಮನೆಯೊಂದರಲ್ಲಿ ಪರ್ಷಿಯನ್ ಬೆಕ್ಕು ಎರಡು ವರ್ಷದಿಂದ ಬರೀ ಮೊಸರನ್ನ, ಹಾಲು-ಬಿಸ್ಕತ್ತಿನ ಮೇಲೆ ಇತ್ತು. ಅವರು ಮಾಂಸ ಮುಟ್ಟದವರು. ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ, ಬೇಸಿಗೆಯಲ್ಲಿ ಕೂಲರ್ ಕೂಡ ಅದಕ್ಕೇ ಮೀಸಲು. ಕಣ್ಣು ಮಂಜಾಗುತ್ತಿದೆ ಅಂತ ಅವರು ಹೇಳಿದಾಗ ನಾನು ಮೊದಲು ಕೇಳಿದ್ದು "ಅಕ್ಕಾ, ಏನ್ ತಿನ್ನಿಸ್ತೀರಿ?" ಅಂತ. ಅಂಥ ಮನೆಯವರಿಗೆ ನಾನು ಹೇಳುವುದು ಇಷ್ಟು: ಬೆಕ್ಕಿಗೆಂದೇ ತಯಾರಾದ ಒಣ ಆಹಾರ ತನ್ನಿ. ಅದನ್ನು ನೀವು ಬೇಯಿಸಬೇಕಿಲ್ಲ, ಒಲೆಯ ಹತ್ತಿರ ತರಬೇಕಿಲ್ಲ. ಪ್ಯಾಕೆಟ್ ಮೇಲೆ ಟಾರಿನ್ ಎಷ್ಟಿದೆ ಅಂತ ಬರೆದಿರಬೇಕು. ಒಣ ಆಹಾರದಲ್ಲಿ ಕನಿಷ್ಠ 0.1%, ಡಬ್ಬಿಯ ಹಸಿ ಆಹಾರದಲ್ಲಿ 0.2% ಅನ್ನುವುದು ಅಮೆರಿಕದಲ್ಲಿ ಒಪ್ಪಿಕೊಂಡ ಅಳತೆ. ನಾಯಿಯ ಆಹಾರ ಅಗ್ಗ ಅಂತ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರಲೇಬೇಕು ಅಂತೇನಿಲ್ಲ.

ಮಾಂಸ ತಿನ್ನುವ ಮನೆಯವರಿಗೂ ಒಂದು ಮಾತು. ಟಾರಿನ್ ನೀರಿಗೆ ಇಳಿಯುತ್ತದೆ. ಕೋಳಿ, ಮೀನು ಕುದಿಸಿ ನೀರು ಚೆಲ್ಲಿ ಬರೀ ತುಂಡು ಹಾಕಿದರೆ ಒಳ್ಳೆಯ ಭಾಗ ಮೋರಿ ಸೇರಿತು. ಆ ನೀರನ್ನೂ ಕೊಡಿ, ಆದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿರಬಾರದು, ಅವು ಬೆಕ್ಕಿಗೆ ವಿಷ.

ಟಾರಿನ್ ಕೊರತೆಯಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಆದರೆ ಊಟ ಸರಿಪಡಿಸಿದರೆ ಉಳಿದದ್ದು ಉಳಿಯುತ್ತದೆ. ಜೀನ್ ಕಾಯಿಲೆಯಲ್ಲಿ ಆ ಭಾಗ್ಯ ಇಲ್ಲ. ಅದಕ್ಕೇ ಇದನ್ನು ಮೊದಲು ನೋಡಿ ಅಂದದ್ದು.

ಹಂತ 4: ಡಾಕ್ಟರ ಹತ್ತಿರ

ಸರ್ಕಾರಿ ಪಶು ಆಸ್ಪತ್ರೆಗೆ ಹೋದರೆ ಎಮ್ಮೆ, ಕುರಿಗಳ ಸಾಲಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂರಬೇಕಾಗುತ್ತದೆ. ನಾಚಿಕೆ ಬೇಡ. ಅಲ್ಲಿ ಆಗುವ ಕೆಲಸವೂ ಇದೆ: ಕಣ್ಣಿನ ಹೊರಭಾಗ ನೋಡುವುದು, ಪಾಪೆ ಬೆಳಕಿಗೆ ಹೇಗೆ ಕುಗ್ಗುತ್ತದೆ ಅಂತ ನೋಡುವುದು, ಪೊರೆ ಬಂದಿದೆಯೇ ಅಂತ ಹೇಳುವುದು. ಪರ್ಷಿಯನ್‌ಗಳ ಚಪ್ಪಟೆ ಮುಖಕ್ಕೆ ಕಣ್ಣೀರು ಸೋರುವುದು, ರೆಪ್ಪೆ ಒಳಕ್ಕೆ ತಿರುಗುವುದು, ಕಾರ್ನಿಯಾ ಮೇಲೆ ಕಪ್ಪು ಕಲೆ ಆಗುವುದು ಇದ್ದದ್ದೇ. ಅವು ಪಿಆರ್‌ಎ ಅಲ್ಲ, ಅವುಗಳಿಗೆ ಚಿಕಿತ್ಸೆ ಇದೆ.

ರೆಟಿನಾ ನೋಡಬೇಕಾದರೆ ಪಾಪೆ ಅಗಲ ಮಾಡುವ ಹನಿ ಹಾಕಿ ಆಫ್ತಾಲ್ಮೋಸ್ಕೋಪ್‌ನಲ್ಲಿ ನೋಡಬೇಕು. ಅದಕ್ಕಿಂತ ಮುಂಚೆ, ರೆಟಿನಾ ನೋಡಲು ಚೆನ್ನಾಗಿ ಕಾಣುತ್ತಿರುವಾಗಲೇ, ಕೆಲಸ ಕಡಿಮೆಯಾಗಿದೆಯೇ ಅಂತ ಹೇಳುವುದು ಇಆರ್‌ಜಿ. ಹೃದಯಕ್ಕೆ ಇಸಿಜಿ ಇದ್ದ ಹಾಗೆ ಇದು ರೆಟಿನಾಕ್ಕೆ. ಇಂಥವಕ್ಕೆ ದೊಡ್ಡ ಕೇಂದ್ರ ಬೇಕು. ಕೊಪ್ಪಳದವರಿಗೆ ಗದಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ರಾಯಚೂರಿನವರು ಹೈದರಾಬಾದಿಗೆ ಹೋಗುವುದು ಸುಲಭ. ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿ ಹೆಬ್ಬಾಳದ ಕಾಲೇಜಿದೆ. ಹೋಗುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಕಣ್ಣು ನೋಡುವ ಡಾಕ್ಟರು ಯಾವ ವಾರ ಇರುತ್ತಾರೆ, ಬೆಕ್ಕಿಗೆ ಇಆರ್‌ಜಿ ಮಾಡುತ್ತೀರಾ. ಕೇಳದೆ ಹೋಗಿ ಬೇಸಿಗೆಯಲ್ಲಿ ಬೆಕ್ಕಿನ ಜೊತೆ ವಾಪಸ್ ಬಂದ ಅನುಭವ ನನಗಿದೆ.

ಡಾಕ್ಟರಿಗೆ ಈ ಹಿಂದೆ ಕೊಟ್ಟ ಔಷಧಿಗಳನ್ನೆಲ್ಲ ಹೇಳಿ. ಎನ್‌ರೋಫ್ಲೋಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಬೆಕ್ಕಿಗೆ ಜಾಸ್ತಿಯಾದರೆ ರೆಟಿನಾ ಸುಡುತ್ತದೆ. ಅದು ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. ದನದ ಔಷಧಿಯನ್ನು ಅಂದಾಜಿನಲ್ಲಿ ಬೆಕ್ಕಿಗೆ ಹಾಕುವ ಅಭ್ಯಾಸ ಇರುವ ಕಡೆ ಇದು ನೆನಪಿರಲಿ. ವಯಸ್ಸಾದ ಬೆಕ್ಕಿಗೆ ರಾತ್ರೋರಾತ್ರಿ ಕಣ್ಣು ಹೋದರೆ ಅದು ಬಿಪಿ ಇರಬಹುದು, ಪಿಆರ್‌ಎ ಹಾಗೆ ದಿಢೀರ್ ಬರುವುದಿಲ್ಲ. ಅವತ್ತೇ ಓಡಿ.

ಹಂತ 5: ಕೊಳ್ಳುವ ಮುಂಚೆ ಏನು ಕೇಳಬೇಕು

ನಮ್ಮ ಕಡೆ ಪರ್ಷಿಯನ್ ವ್ಯಾಪಾರದ ಮಾತು ಎಲ್ಲ ಮುಖದ ಮೇಲೇ. ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್. ಮೂಗು ಒಳಗೆ ಹೋದಷ್ಟೂ ಬೆಲೆ ಮೇಲೆ. ಆಮೇಲೆ ತುಪ್ಪಳ, ಆಮೇಲೆ ಬಣ್ಣ. ಇಷ್ಟೆಲ್ಲ ಚೌಕಾಸಿ ಮಾಡುವವರು ತಾಯಿ-ತಂದೆಯ ಜೀನ್ ವರದಿ ಕೇಳಿದ್ದನ್ನು ನಾನು ನೋಡಿಲ್ಲ. ಕೇಳಿದರೆ ಮಾರುವವರು ಮೊದಲು ನಗುತ್ತಾರೆ. ನಗಲಿ ಬಿಡಿ.

ಕುರಿ ಸಂತೆಯಲ್ಲಿ ಟಗರು ಆರಿಸುವವರು ಹಲ್ಲು ನೋಡುತ್ತಾರೆ, ಕಾಲು ನೋಡುತ್ತಾರೆ, ಆದರೆ ತಾಯಿಯನ್ನೂ ನೋಡುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಇಲ್ಲಿ ತಾಯಿಯನ್ನು ನೋಡಿದರೂ ಸಾಲದು. ದೋಷವಿರುವ ಜೀನ್‌ನ ಒಂದೇ ಪ್ರತಿ ಇರುವ ಬೆಕ್ಕಿಗೆ ವಾಹಕ ಅನ್ನುತ್ತಾರೆ. ಅದಕ್ಕೆ ಕಣ್ಣು ಚೆನ್ನಾಗೇ ಕಾಣುತ್ತದೆ, ಸಾಯುವವರೆಗೂ ಕಾಣುತ್ತದೆ. ಮರಿಗೆ ಕಾಯಿಲೆ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡು ಕೆಟ್ಟ ಪ್ರತಿ ಸೇರಬೇಕು. ನಮ್ಮ ಕಡೆ ಸೋದರಮಾವನಿಗೆ ಕೊಡುವ ಮದುವೆಗಳಲ್ಲಿ ಡಾಕ್ಟರುಗಳು ಎಚ್ಚರಿಸುವುದು ಇದನ್ನೇ. ಒಂದೇ ಮನೆತನದ ಎರಡು ಕಡೆಯಿಂದ ಒಂದೇ ದೋಷ ಬಂದು ಕೂಡುವ ಸಾಧ್ಯತೆ ಹೆಚ್ಚು. ಊರಿನ ನಾಲ್ಕು ಮನೆಯ ಪರ್ಷಿಯನ್‌ಗಳಿಗೆಲ್ಲ ಒಂದೇ ಗಂಡು ಬೆಕ್ಕನ್ನು ಮೇಟಿಂಗ್‌ಗೆ ಬಿಟ್ಟು, ಅದರ ಮಗಳನ್ನು ಮತ್ತೆ ಅದಕ್ಕೇ ಬಿಡುವಾಗ ಆಗುವುದೂ ಇದೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ಮರಿ ಆರೋಗ್ಯವಾಗಿದೆಯಾ?" ಅಲ್ಲ. "ಇದರ ತಾಯಿಯ ಮತ್ತು ತಂದೆಯ ಎಐಪಿಎಲ್1 ವರದಿ ತೋರಿಸಿ" ಅನ್ನಿ. ಜೀನ್ ಹೆಸರು ಹಿಡಿದು ಕೇಳಿ. "ಪಿಆರ್‌ಎ ಕ್ಲಿಯರ್" ಅಂತ ಬರೆದ ಕಾಗದ ತೋರಿಸಿದರೆ ಅಲ್ಲಿಗೆ ಮುಗಿಯುವುದಿಲ್ಲ. ಆರ್‌ಡಿಎಸಿ ಪರೀಕ್ಷೆಯಲ್ಲಿ ಕ್ಲಿಯರ್ ಆದ ಪರ್ಷಿಯನ್ ಎಐಪಿಎಲ್1 ದೋಷದಿಂದ ಕುರುಡಾಗಬಹುದು. ಯಂತ್ರ ನೀವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿರುತ್ತದೆ.

ಪರ್ಷಿಯನ್ ಆದರೆ ಅದೇ ಸ್ಯಾಂಪಲ್‌ನಲ್ಲಿ ಪಿಕೆಡಿ ವರದಿಯನ್ನೂ ಕೇಳಿ. ಅದು ಕಣ್ಣಿನದಲ್ಲ, ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ. ಒಂದು ಪ್ರತಿ ಇದ್ದರೂ ಬರುತ್ತದೆ. ಹಳೆಯ ಸಮೀಕ್ಷೆಗಳಲ್ಲಿ ಪರ್ಷಿಯನ್‌ಗಳ ಪೈಕಿ ಹೆಚ್ಚುಕಡಿಮೆ ಮೂರಕ್ಕೊಂದರಲ್ಲಿ ಸಿಕ್ಕಿತ್ತು. ನನ್ನ ಕೇಳಿದರೆ ಕುರುಡಿಗಿಂತ ಇದೇ ದೊಡ್ಡ ತೊಂದರೆ, ಇದು ಜೀವ ತೆಗೆಯುತ್ತದೆ.

ಹಂತ 6: ಸ್ವ್ಯಾಬ್ ತೆಗೆಯುವುದು

ಕೋವಿಡ್ ಕಾಲದಲ್ಲಿ ನಮಗೆಲ್ಲ ಸ್ವ್ಯಾಬ್ ಏನು ಅಂತ ಗೊತ್ತಾಗಿದೆ. ಇದು ಅದಕ್ಕಿಂತ ಸುಲಭ, ಕೆನ್ನೆಯ ಒಳಗೆ ಅಷ್ಟೇ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೆಟರಿನರಿ ಜೆನೆಟಿಕ್ಸ್ ಲ್ಯಾಬ್, ಜರ್ಮನಿಯ ಲ್ಯಾಬೊಕ್ಲಿನ್ ಈ ಕೆಲಸದಲ್ಲಿ ಹೆಸರಾದವು. ದೇಶದೊಳಗಿನ ಲ್ಯಾಬ್ ಸಿಕ್ಕರೆ ಅನುಕೂಲವೇ, ಆದರೆ ಮೊದಲು ಬರಹದಲ್ಲಿ ಕೇಳಿ: ಬೆಕ್ಕಿನ ಯಾವ ಜೀನ್, ಯಾವ ದೋಷವನ್ನು ನೋಡುತ್ತೀರಿ? "ಎಲ್ಲಾ ನೋಡ್ತೀವಿ ಮೇಡಂ" ಅನ್ನುವ ಉತ್ತರ ಉತ್ತರ ಅಲ್ಲ. ಹೊರದೇಶಕ್ಕೆ ಕಳಿಸುವುದಾದರೆ ಪಾರ್ಸೆಲ್ ಜೊತೆ ಯಾವ ಕಾಗದ ಇರಬೇಕು ಅಂತ ಲ್ಯಾಬಿನಿಂದಲೇ ತಿಳಿದುಕೊಳ್ಳಿ, ಕೊರಿಯರ್ ಕೌಂಟರಿನಲ್ಲಿ ಅದು ಗೊತ್ತಿರುವುದಿಲ್ಲ.

ಬೆಕ್ಕು ಏನಾದರೂ ತಿಂದು ಕನಿಷ್ಠ ಅರ್ಧ ಗಂಟೆ ಆಗಿರಲಿ. ಹಾಲು ಕುಡಿಯುವ ಮರಿಯಾದರೆ ಇನ್ನೂ ಎಚ್ಚರ ಬೇಕು. ಅದರ ಬಾಯಲ್ಲಿ ತಾಯಿಯ ಕೋಶಗಳು ಇರುತ್ತವೆ, ವರದಿ ತಾಯಿಯದೇ ಬಂದುಬಿಡಬಹುದು. ತಾಯಿಯಿಂದ ಒಂದು ಗಂಟೆಗಿಂತ ಜಾಸ್ತಿ ಬೇರೆ ಇಡಿ, ಆಗದಿದ್ದರೆ ಹಾಲು ಬಿಡುವವರೆಗೆ ಕಾಯಿರಿ. ಒಂದೇ ತಟ್ಟೆಯಲ್ಲಿ ತಿನ್ನುವ, ಒಂದನ್ನೊಂದು ನೆಕ್ಕುವ ಬೆಕ್ಕುಗಳನ್ನೂ ಮೊದಲು ಬೇರೆ ಮಾಡಿ.

ಒಬ್ಬರು ಟವೆಲ್ಲಿನಲ್ಲಿ ಸುತ್ತಿ ಹಿಡಿಯಿರಿ. ಇನ್ನೊಬ್ಬರು ಸ್ವ್ಯಾಬಿನ ಬ್ರಷ್ಷನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು ಹತ್ತು-ಹದಿನೈದು ಸೆಕೆಂಡು ಮೆಲ್ಲಗೆ ತಿರುಗಿಸಿ. ಬೇಕಾಗಿರುವುದು ಜೊಲ್ಲಲ್ಲ, ಕೆನ್ನೆಯ ಕೋಶ. ಆಮೇಲೆ ಬ್ರಷ್ಷಿನ ತುದಿ ಮುಟ್ಟದೆ ನೆರಳಲ್ಲಿ ಪೂರ್ತಿ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಬೇಡ, ಒಳಗೆ ಬೂಸ್ಟು ಬರುತ್ತದೆ. ನಮ್ಮ ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಲಕೋಟೆ ಮರೆತು ಊರೆಲ್ಲ ಸುತ್ತಬೇಡಿ. ಒಂದು ಬೆಕ್ಕು ಮುಗಿದ ಮೇಲೆ ಕೈ ತೊಳೆದು ಇನ್ನೊಂದಕ್ಕೆ ಹೋಗಿ. ಲಕೋಟೆಯ ಮೇಲೆ ಹೆಸರನ್ನು ಬೆಕ್ಕು ಹಿಡಿಯುವ ಮುಂಚೆಯೇ ಬರೆದಿಡಿ. ಪರಚಿಸಿಕೊಂಡ ಮೇಲೆ ಯಾವುದು ಯಾರದು ಅಂತ ನೆನಪಿರುವುದಿಲ್ಲ, ಇದು ಅನುಭವದ ಮಾತು.

ಮರಿ ಮಾರುವವರಾದರೆ ಬೆಕ್ಕಿಗೆ ಮೈಕ್ರೋಚಿಪ್ ಹಾಕಿಸಿ, ಅದರ 15 ಅಂಕಿಯ ಸಂಖ್ಯೆ ವರದಿಯಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ಬೂದು ಬೆಕ್ಕಿನ ವರದಿಯನ್ನು ಹತ್ತು ಬೂದು ಬೆಕ್ಕಿಗೆ ತೋರಿಸಬಹುದು, ಅಲ್ವಾ?

ಹಂತ 7: ವರದಿ ಓದುವುದು

ಸಾಮಾನ್ಯವಾಗಿ ಎರಡು ಅಕ್ಷರದ ಜೋಡಿ ಇರುತ್ತದೆ. ಎನ್/ಎನ್ ಅಂದರೆ ಎರಡೂ ಪ್ರತಿ ಸರಿ ಇವೆ, ಕ್ಲಿಯರ್. ಎನ್ ಜೊತೆ ದೋಷದ ಗುರುತು ಒಂದಿದ್ದರೆ ವಾಹಕ. ಎರಡೂ ಕಡೆ ದೋಷದ ಗುರುತಿದ್ದರೆ ಕಾಯಿಲೆ ಬಂದಿದೆ, ಇಲ್ಲವೇ ಬರುತ್ತದೆ.

ಆರ್‌ಡಿವೈ ಮಾತ್ರ ಹೀಗಲ್ಲ. ಅಲ್ಲಿ ಒಂದು ಪ್ರತಿ ಇದ್ದರೂ ಬೆಕ್ಕು ಕುರುಡಾಗುತ್ತದೆ. ಆ ವರದಿಯಲ್ಲಿ ಒಂದು ಗುರುತು ಕಂಡರೆ ವಾಹಕ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ, ಮರಿ ಮಾಡಿಸುವ ಹಾಗೂ ಇಲ್ಲ.

ಬೂದಿಯ ವರದಿಯಲ್ಲಿ ಎರಡೂ ಕಡೆ ದೋಷ ಇತ್ತು. ಅದರ ಅರ್ಥ ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ತಾಯಿ-ತಂದೆಗೆ ಪರೀಕ್ಷೆ ಮಾಡಿಸದೆಯೇ ಅವುಗಳ ಫಲಿತಾಂಶ ನನ್ನ ಕೈಯಲ್ಲಿತ್ತು! ಎರಡಕ್ಕೂ ಕಣ್ಣು ಕಾಣುತ್ತದೆ, ಎರಡೂ ಒಂದೊಂದು ಕೆಟ್ಟ ಪ್ರತಿ ಕೊಟ್ಟಿವೆ, ಅಂದರೆ ಎರಡೂ ವಾಹಕಗಳೇ. ಜೊತೆಗೆ ಹುಟ್ಟಿದ, ಕಣ್ಣು ಕಾಣುವ ಪ್ರತಿ ಮರಿಯೂ ವಾಹಕ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಹಾಗಾಗಿ ವರದಿ ಬಂದ ದಿನ ಮಾರಿದವರಿಗೆ ತಿಳಿಸುವುದೂ ಒಂದು ಹಂತವೇ. ಜಗಳಕ್ಕಲ್ಲ. ನಾನು ಎರಡನೇ ಸಲ ಫೋನ್ ಮಾಡಿದಾಗ "ಅದೇ ಜೋಡಿ ಮತ್ತ್ ಗಬ್ಬ ಐತಲ್ಲಕ್ಕಾ" ಅಂದರು. ಆ ಸಲದ ಮರಿಗಳಲ್ಲಿ ಒಂದಕ್ಕೆ ಕಣ್ಣು ಬರಲಿಲ್ಲ. ಆಮೇಲೆ ಅವರೇ ಸ್ವ್ಯಾಬ್ ತೆಗೆಯುವುದು ಹೇಗೆ ಅಂತ ಕೇಳಿದರು.

ಹಂತ 8: ಜೋಡಿ ಮಾಡುವ ಲೆಕ್ಕ

ಕ್ಲಿಯರ್ ಮತ್ತು ಕ್ಲಿಯರ್ ಕೂಡಿಸಿದರೆ ಆ ದೋಷದ ಮಟ್ಟಿಗೆ ಚಿಂತೆ ಇಲ್ಲ. ಕ್ಲಿಯರ್ ಮತ್ತು ವಾಹಕ ಕೂಡಿಸಿದರೆ ಯಾವ ಮರಿಯೂ ಕುರುಡಾಗುವುದಿಲ್ಲ, ಸರಾಸರಿ ಅರ್ಧ ವಾಹಕ ಆಗುತ್ತವೆ. ವಾಹಕ ಮತ್ತು ವಾಹಕ ಕೂಡಿಸಬಾರದು. ಅಲ್ಲಿ ಪ್ರತಿ ಮರಿಗೂ ಕಾಲು ಭಾಗದಷ್ಟು ಅಪಾಯ ಇರುತ್ತದೆ.

ಕಾಲು ಭಾಗ ಅಂದಕೂಡಲೇ "ನಾಲ್ಕರಲ್ಲಿ ಒಂದು ತಾನೇ" ಅನ್ನುತ್ತಾರೆ. ಆ ಲೆಕ್ಕ ನಾಲ್ಕು ಮರಿಯನ್ನು ಸಾಲಾಗಿ ನಿಲ್ಲಿಸಿ ಒಂದನ್ನು ಆರಿಸುವುದಲ್ಲ. ಪ್ರತಿ ಮರಿಗೂ ಹೊಸದಾಗಿ ಕವಡೆ ಹಾಕಿದ ಹಾಗೆ. ನಾಲ್ಕು ಮರಿ ಹಾಕಿದರೆ ಒಂದಾದರೂ ಕುರುಡಾಗುವ ಸಾಧ್ಯತೆ ಸುಮಾರು 68%. ಒಂದೂ ಆಗದಿರುವ ಸಾಧ್ಯತೆ ಸುಮಾರು 32%, ಅದೂ ಕಡಿಮೆಯೇನಲ್ಲ. "ಈ ಜೋಡಿ ಒಂದ್ಸಲ ಹಾಕೈತಿ, ಏನೂ ಆಗಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲದಿರುವುದು ಇದಕ್ಕೇ.

ಹಾಗಂತ ವಾಹಕ ಬೆಕ್ಕುಗಳನ್ನೆಲ್ಲ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ಊರಲ್ಲಿ ಇರುವುದೇ ನಾಲ್ಕು ಒಳ್ಳೆಯ ಬೆಕ್ಕು. ಎರಡನ್ನು ತೆಗೆದರೆ ಉಳಿದೆರಡರ ರಕ್ತವೇ ಸುತ್ತಿ ಸುತ್ತಿ ಬಂದು, ಇನ್ನೊಂದು ಹೊಸ ದೋಷ ಎದ್ದು ಕೂರುತ್ತದೆ. ಗುಣ ಒಳ್ಳೆಯದಿರುವ ವಾಹಕವನ್ನು ಕ್ಲಿಯರ್ ಬೆಕ್ಕಿಗೇ ಕೊಡಿ, ಹುಟ್ಟಿದ ಮರಿಗಳಿಗೆ ಪರೀಕ್ಷೆ ಮಾಡಿಸಿ, ಮುಂದಿನ ತಲೆಮಾರಿಗೆ ಕ್ಲಿಯರ್ ಮರಿಯನ್ನು ಇಟ್ಟುಕೊಳ್ಳಿ. ಎರಡು-ಮೂರು ತಲೆಮಾರಿನಲ್ಲಿ ಮನೆಯ ಬೆಕ್ಕುಗಳಿಂದ ದೋಷ ಹೋಗುತ್ತದೆ.

ಪರೀಕ್ಷೆ ಬೆಕ್ಕು ಹೀಟ್‌ಗೆ, ಅಂದರೆ ಬೆದೆಗೆ, ಬಂದ ಮೇಲೆ ಅಲ್ಲ, ಮುಂಚೆ. ಹೆಣ್ಣು ಬೆಕ್ಕು ವರ್ಷ ತುಂಬುವ ಮೊದಲೇ ಹೀಟ್‌ಗೆ ಬರಬಹುದು, ಬಸುರು ಸುಮಾರು 65 ದಿನ. ಅಬಿಸಿನಿಯನ್‌ನಂಥ ನಿಧಾನದ ಬಗೆಯಲ್ಲಿ ಗಂಡು ಬೆಕ್ಕು ಕುರುಡಾಗುವ ಹೊತ್ತಿಗೆ ಅದರ ಮರಿಗಳು ಮೂರು ಜಿಲ್ಲೆಗೆ ಹಂಚಿಹೋಗಿರುತ್ತವೆ. ಗಂಡು ಬೆಕ್ಕಿಗೆ ಮೇಟಿಂಗ್ ಚಾರ್ಜ್ ಕೊಡುವವರು ಆ ದುಡ್ಡಿಗೆ ವರದಿಯ ಪ್ರತಿ ಕೇಳುವುದರಲ್ಲಿ ತಪ್ಪೇನಿಲ್ಲ.

ಹಂತ 9: ಕುರುಡು ಬೆಕ್ಕು ಈಗಾಗಲೇ ಮನೆಯಲ್ಲಿದ್ದರೆ

ಮೊದಲ ಕೆಲಸ ಮರಿ ಆಗದಂತೆ ಆಪರೇಷನ್ ಮಾಡಿಸುವುದು. ಎರಡನೆಯದು ಸಂಪಿನ ಮುಚ್ಚಳ. ನಮ್ಮ ಊರುಗಳಲ್ಲಿ ನೀರು ಬಿಡುವ ದಿನ ಸಂಪು ತೆರೆದಿಟ್ಟು ಮೋಟರ್ ಹಾಕಿ ಒಳಗೆ ಹೋಗಿಬಿಡುತ್ತೇವೆ. ಆ ಹೊತ್ತು ಬೆಕ್ಕು ಕೋಣೆಯಲ್ಲಿರಲಿ, ಬಾಗಿಲು ಹಾಕಿರಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವಾಗ ಅದನ್ನು ಕರೆದೊಯ್ಯಬೇಡಿ, ಗಿಡ್ಡ ಕಟ್ಟೆ ಅದಕ್ಕೆ ಕಾಣುವುದಿಲ್ಲ.

ನೀರಿನ ಬಟ್ಟಲು, ಊಟದ ತಟ್ಟೆ, ಮಣ್ಣಿನ ಟ್ರೇ ಮೂರೂ ಇದ್ದಲ್ಲೇ ಇರಲಿ. ಮೀಸೆ ಕತ್ತರಿಸಬೇಡಿ, ಗ್ರೂಮಿಂಗ್‌ಗೆ ಕೊಟ್ಟಾಗ ಹೇಳಿ ಕಳಿಸಿ. ಎತ್ತಿಕೊಳ್ಳುವ ಮುಂಚೆ ಹೆಸರು ಹಿಡಿದು ಕರೆಯಿರಿ, ಸುಮ್ನೆ ಹಿಂದಿನಿಂದ ಹಿಡಿದರೆ ಹೆದರಿ ಕಚ್ಚುತ್ತದೆ.

ಉಗಾದಿಗೆ ಸುಣ್ಣ-ಬಣ್ಣ ಮಾಡಿಸುವಾಗ ಮಾತ್ರ ನಮ್ಮ ಮನೆಯಲ್ಲಿ ಸ್ವಲ್ಪ ಕಷ್ಟ. ಸಾಮಾನೆಲ್ಲ ನಡುಮನೆಗೆ ಬರುತ್ತದೆ, ಬೂದಿ ಎರಡು ದಿನ ಬೆಡ್‌ರೂಮಿನಲ್ಲೇ ಇರುತ್ತದೆ. ಸಾಮಾನು ವಾಪಸ್ ಇಡುವಾಗ ಮಂಚದ ಕಾಲಿಗೆ ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿರುತ್ತೇನೆ. ಒಂದು ಗೇಣು ಆಚೀಚೆ ಆದರೂ ಅದು ಬಂದು ಡಿಕ್ಕಿ ಹೊಡೆದು, ನನ್ನ ಕಡೆ ತಿರುಗಿ ಜೋರಾಗಿ ಕೂಗುತ್ತದೆ.